ಮುಯ್ಯಾಳಿನ ಕರೆಂಟು

ಅವರ ಕತ್ತು ಎಡಕ್ಕೆ ವಾಲಿತ್ತು. ಹುಟ್ಟಿನಿಂದ ಬಂದದ್ದಲ್ಲ. ವರ್ಷಗಟ್ಟಲೆ ಟೆಲಿಫೋನಿನ ರಿಸೀವರನ್ನು ಕಿವಿಗೂ ಹೆಗಲಿಗೂ ನಡುವೆ ಒತ್ತಿ ಹಿಡಿದು, ಒಂದು ಕೈಯಲ್ಲಿ ಚಾರ್ಟು, ಇನ್ನೊಂದು ಕೈಯಲ್ಲಿ ಪೆನ್ನು ಹಿಡಿದು ಕೆಲಸ ಮಾಡಿದ್ದರ ಫಲ. ಫೋನು ಕೆಳಗಿಟ್ಟ ಮೇಲೂ ಕತ್ತು ನೆಟ್ಟಗಾಗುತ್ತಿರಲಿಲ್ಲ. ಷರ್ಟಿನ ಎಡ ಹೆಗಲ ಬಟ್ಟೆ ಸವೆದು ನುಣುಪಾಗಿರುತ್ತಿತ್ತು. ಹೊಸದಾಗಿ ಕೆಲಸಕ್ಕೆ ಸೇರಿದವರು ತಾವು ಮಾತಾಡುವಾಗ ಅವರು ಕತ್ತು ವಾಲಿಸಿ ಕೂತದ್ದನ್ನು ಕಂಡು, ಅಬ್ಬಾ ಎಷ್ಟು ಗಮನ ಕೊಟ್ಟು ಕೇಳುತ್ತಾರೆ ಎಂದು ಉಬ್ಬಿಹೋಗುತ್ತಿದ್ದರು. ನಾನೂ ಉಬ್ಬಿದ್ದೆ. ಆಮೇಲೆ ಗೊತ್ತಾಯಿತು, ಕಿಟಕಿಯಾಚೆ ತೆಂಗಿನ ಗರಿ ಅಲ್ಲಾಡುತ್ತಿದೆಯೋ ಇಲ್ಲವೋ ಎಂದು ನೋಡುವಾಗಲೂ ಅವರು ಹಾಗೆಯೇ ಕೂರುತ್ತಿದ್ದರು.

ನಾವೆಲ್ಲ ಅವರನ್ನು ಸಾಹೇಬರು ಎನ್ನುತ್ತಿದ್ದೆವು. ಅರಸೀಕೆರೆಯ ಹೊರಗೆ, ತೋಟಗಳ ಸಾಲು ಮುಗಿದು ಕಬ್ಬಿಣದ ಗೋಪುರಗಳು ಶುರುವಾಗುವಲ್ಲಿ ನಮ್ಮ ವಿದ್ಯುತ್ ಕಚೇರಿ. ನಾನು ಬಾಣಾವರದಿಂದ ರೈಲಿನಲ್ಲಿ ಬರುತ್ತಿದ್ದೆ, ಅವರು ಹಳೇಬೀಡಿನಿಂದ ಬಸ್ಸಿನಲ್ಲಿ. ನಾನು ಎಷ್ಟೇ ಬೇಗ ಬಂದರೂ ಅವರು ಆಗಲೇ ಕುರ್ಚಿಯಲ್ಲಿರುತ್ತಿದ್ದರು. ನನಗೆ ಆಗ ಎಂಜಿನಿಯರಿಂಗ್ ಮುಗಿಸಿದ ಗತ್ತು ಇನ್ನೂ ಇಳಿದಿರಲಿಲ್ಲ. ಬಾಯಿಯಂತೂ ಮೊದಲಿಂದಲೂ ಜೋರು. ಇಂಥವಳನ್ನು ಅವರ ಪಕ್ಕದ ಮೇಜಿಗೆ ಹಾಕಿದ್ದು ಯಾರ ಪುಣ್ಯವೋ ಕಾಣೆ.

ಅವರ ಕೆಲಸ ನಾಳೆಯನ್ನು ಅಂದಾಜು ಮಾಡುವುದು. ನಾಳೆ ನಮ್ಮ ವಲಯಕ್ಕೆ ಎಷ್ಟು ಕರೆಂಟು ಬೇಕಾಗುತ್ತದೆ, ಎಷ್ಟು ಸಿಗುತ್ತದೆ, ಎಷ್ಟು ಮಿಗುತ್ತದೆ. ಇದನ್ನು ದಿನಾ ಮಧ್ಯಾಹ್ನದೊಳಗೆ ಹೇಳಬೇಕಿತ್ತು. ಯಾಕೆಂದರೆ ನಮ್ಮದೂ ಅಕ್ಕಪಕ್ಕದ ವಲಯಗಳದೂ ಒಂದು ಒಪ್ಪಂದ. ಕರೆಂಟು ಮಿಕ್ಕಿದವರು ಕಮ್ಮಿಯಾದವರಿಗೆ ಕೊಡುವುದು, ಮುಂದೆ ತಮಗೆ ಕಮ್ಮಿಯಾದಾಗ ಪಡೆಯುವುದು. ಕೇಳುವುದಕ್ಕೆ ಸಲೀಸು. ಆದರೆ ನಾಳೆ ಗಂಡಸಿಯ ಕಡೆ ಮಳೆ ಬಿದ್ದರೆ ರೈತರು ಬೋರು ಹಾಕುವುದಿಲ್ಲ, ಕರೆಂಟು ಮಿಗುತ್ತದೆ. ಬೀಳದಿದ್ದರೆ ಅಷ್ಟೂ ಮೋಟಾರು ಒಟ್ಟಿಗೇ ಗುಂಯ್ಗುಡುತ್ತವೆ. ಗುಡ್ಡದ ಮೇಲಿನ ಗಾಳಿಯಂತ್ರಗಳು ತಿರುಗಿದರೆ ಶ್ರೀಮಂತಿಕೆ, ನಿಂತರೆ ದಾರಿದ್ರ್ಯ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದು ಎಂದು ನಗುತ್ತೇವಲ್ಲ, ಅದೇ ನಮ್ಮ ದಿನದ ಸಂಬಳದ ಕೆಲಸ.

ಕಂಪ್ಯೂಟರು ಒಂದು ಅಂಕಿ ಹೇಳುತ್ತಿತ್ತು. ಸಾಹೇಬರು ಅದನ್ನು ಗೌರವದಿಂದಲೇ ನೋಡುತ್ತಿದ್ದರು. ನೋಡಿಯಾದ ಮೇಲೆ ಗಂಡಸಿಯ ಲೈನ್‌ಮನ್‌ಗೆ ಫೋನು.

"ಏನ್ಲಾ, ಮೋಡ ಐತಾ?"

"ಐತೆ ಸಾ. ಆದ್ರೆ ಸುರಿಯೋ ಮೋಡ ಅಲ್ಲ, ಸುಮ್ನೆ ಮೆರವಣಿಗೆ ಹೊಂಟೈತೆ."

ಇಷ್ಟು ಕೇಳಿಕೊಂಡು ಅವರು ಎರಡು ಅಂಕಿ ಬರೆಯುತ್ತಿದ್ದರು. ಮೊದಲನೆಯದು ಇಷ್ಟು ಬೇಕಾಗಬಹುದು ಎನ್ನುವುದು. ಎರಡನೆಯದು, ನನ್ನ ಮಾತು ತಪ್ಪಿದರೆ ಇಷ್ಟರವರೆಗೆ ತಪ್ಪಬಹುದು ಎನ್ನುವುದು. ಆ ಎರಡನೆಯದಕ್ಕೆ ಅವರು 'ಅನುಮಾನ' ಎಂದು ಹೆಸರಿಟ್ಟಿದ್ದರು. ಅನುಮಾನದಷ್ಟನ್ನು ಕೈಯಲ್ಲಿ ಇಟ್ಟುಕೊಂಡು, ಉಳಿದದ್ದನ್ನು ಪಕ್ಕದವರಿಗೆ ಬಿಡುತ್ತೇವೆ ಎಂದು ಹೇಳುವುದು ಅವರ ಕ್ರಮ. ಮೇಲಿನವರಿಗೆ ಇದು ಕಿರಿಕಿರಿ. ಒಂದೇ ಅಂಕಿ ಹೇಳಿ ಸ್ವಾಮಿ, ಎರಡೆರಡು ಯಾಕೆ ಎನ್ನುತ್ತಿದ್ದರು. ಸಾಹೇಬರು ಫೋನಿಟ್ಟು ನನ್ನ ಕಡೆ ತಿರುಗಿ, "ನಾಳೇನ ಒಂದೇ ಅಂಕೀಲಿ ಹೇಳೋದು ಶಾಸ್ತ್ರ ಹೇಳೋರ ಕೆಲಸ ಕಣಮ್ಮ. ಅವರಿಗೆ ದಕ್ಷಿಣೆ ಸಿಗತ್ತೆ, ನಮಗೆ ಬೈಗುಳ" ಎನ್ನುತ್ತಿದ್ದರು.

ಅವರದು ಹಳೇಬೀಡಿನ ಹತ್ತಿರದ ರಾಗಿ ಬೆಳೆಯುವ ಮನೆತನ. ನಮ್ಮ ಒಪ್ಪಂದಕ್ಕೆ ಇಂಗ್ಲಿಷಿನಲ್ಲಿ ಉದ್ದನೆಯ ಹೆಸರಿದ್ದರೂ ಅವರು ಅದನ್ನು ಮುಯ್ಯಾಳು ಎಂದೇ ಕರೆಯುತ್ತಿದ್ದರು. ಗೊತ್ತಿಲ್ಲದವರಿಗೆ ಹೇಳಬೇಕೆಂದರೆ, ಇವತ್ತು ನಮ್ಮ ಮನೆಯವರು ನಿಮ್ಮ ಹೊಲದ ಕುಯ್ಲಿಗೆ ಬರುವುದು, ನಾಳೆ ನಿಮ್ಮ ಮನೆಯವರು ನಮ್ಮ ಹೊಲಕ್ಕೆ. ಕೂಲಿಯಿಲ್ಲ, ಬರಹವಿಲ್ಲ, ಬರೀ ಮಾತು.

ಒಂದು ಸಲ ಊಟದ ಹೊತ್ತಿನಲ್ಲಿ ಅವರ ತಂದೆಯ ಕತೆ ಹೇಳಿದರು. ಇವರ ಹೊಲದಲ್ಲೇ ಕುಯ್ದ ರಾಗಿ ಬಿದ್ದಿದೆ, ಮೂಡಲಲ್ಲಿ ಮೋಡ ಕಟ್ಟಿದೆ. ಆದರೆ ಅವತ್ತು ಇನ್ನೊಬ್ಬರ ಹೊಲಕ್ಕೆ ಮುಯ್ಯಾಳು ಕಳಿಸುತ್ತೇನೆಂದು ತಂದೆ ಮಾತು ಕೊಟ್ಟಿದ್ದರು. ಮಕ್ಕಳಿಬ್ಬರನ್ನೂ ಅಲ್ಲಿಗೆ ಕಳಿಸಿಯೇಬಿಟ್ಟರು. ಮಳೆ ಬಂತು. ಇವರ ರಾಗಿ ಹೊಲದಲ್ಲೇ ಮೊಳಕೆ ಒಡೆಯಿತು. ತಾಯಿ ಅಡುಗೆಮನೆಯಲ್ಲಿ ಅಳುತ್ತಿದ್ದರೆ ತಂದೆ, "ಅವರ ರಾಗಿ ಕಣ ಸೇರ್ತಲ್ಲ, ಬಿಡು" ಎಂದರಂತೆ.

"ಆಮೇಲೆ ಅವರು ನಿಮ್ಮನೆಗೆ ಬಂದರಾ ಸರ್?" ಎಂದೆ.

"ಬಂದ್ರು." ಮೊಸರನ್ನ ಕಲಸುತ್ತಾ, "ಬರದೇ ಇದ್ದೋರೂ ಇದ್ರು. ಆದ್ರೆ ನಮ್ಮಪ್ಪ ಎರಡೇ ಕಟ್ಟುಪಾಡು ಹೇಳಿದ್ದು ನಮಗೆ. ಮನೇಲಿ ಇಬ್ಬರು ಗಂಡಾಳು ಇಟ್ಕೊಂಡು ಒಬ್ಬನೇ ಅವ್ನೆ ಅಂತ ಸುಳ್ಳು ಹೇಳಬಾರದು. ಕಳಿಸಿದ ಆಳನ್ನ ಅರ್ಧ ಹೊಲದಲ್ಲಿ ವಾಪಸ್ ಕೂಗಬಾರದು" ಎಂದರು.

ಆ ಮೊದಲನೆಯ ಕಟ್ಟುಪಾಡನ್ನು ಅಕ್ಕಪಕ್ಕದ ಎಲ್ಲ ವಲಯದವರೂ ಮುರಿಯುತ್ತಿದ್ದರು. ಅನುಮಾನವನ್ನು ಇರುವುದಕ್ಕಿಂತ ದೊಡ್ಡದು ಮಾಡಿ ಹೇಳಿ, ಒಂದಷ್ಟನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಳ್ಳುವುದು ಎಲ್ಲ ಕಡೆಯ ರೂಢಿ. ನಮ್ಮ ಸಾಹೇಬರೊಬ್ಬರೇ ಇದ್ದದ್ದನ್ನು ಇದ್ದಂತೆ ಹೇಳುತ್ತಿದ್ದವರು. ಅದಕ್ಕೇ ಕಷ್ಟ ಬಂದವರೆಲ್ಲ ಮೊದಲು ನಮಗೇ ಫೋನು ಮಾಡುತ್ತಿದ್ದರು. ಬಗ್ಗಿದವನಿಗೆ ಇನ್ನೊಂದು ಗುದ್ದು ಎಂದು ನಾನು ಗೊಣಗುತ್ತಿದ್ದೆ.

ಅವರ ಹೆಂಡತಿಯನ್ನು ನಾವು ಅಮ್ಮಾವ್ರು ಎನ್ನುತ್ತಿದ್ದೆವು. ಕೊರೋನಾ ಬಂದು ಹೋದ ಮೇಲೆ ಅವರ ಶ್ವಾಸಕೋಶ ಸರಿಹೋಗಲೇ ಇಲ್ಲ. ಹಳೇಬೀಡಿನ ಮನೆಯ ನಡುಮನೆಯಲ್ಲಿ ಆಕ್ಸಿಜನ್ ಮಿಷನ್ನು ಇಟ್ಟಿದ್ದರು. ಅದರ ಕೊಳವೆ ಸದಾ ಅವರ ಮೂಗಿನಲ್ಲಿ. ಕರೆಂಟು ಹೋದರೆ ಎಂದು ಮೂಲೆಯಲ್ಲಿ ಒಂದು ಸಿಲಿಂಡರು ನಿಲ್ಲಿಸಿ, ನೋಡಲು ಚೆನ್ನಾಗಿಲ್ಲ ಎಂದು ಹಳೇ ಸೀರೆಯ ತುಂಡು ಹೊದಿಸಿದ್ದರು. ಮಕ್ಕಳಿರಲಿಲ್ಲ. ಪಕ್ಕದ ಬೀದಿಯಲ್ಲಿದ್ದ ಅಮ್ಮಾವ್ರ ತಂಗಿ ಹಗಲೆಲ್ಲ ಜೊತೆಗಿರುತ್ತಿದ್ದರು.

ನಾನು ಒಂದು ಭಾನುವಾರ ಅಲ್ಲಿಗೆ ಹೋಗಿದ್ದೆ. ಅಮ್ಮಾವ್ರು ಒಂದೊಂದು ಮಾತಿಗೂ ಉಸಿರು ಹುಡುಕಿಕೊಂಡು ಮಾತಾಡುತ್ತಿದ್ದರು. ಆದರೂ ತಮಾಷೆ ಬಿಟ್ಟಿರಲಿಲ್ಲ. "ಇವರಿಗೆ ಇಡೀ ಸೀಮೆಯ ನಾಳೆ ಗೊತ್ತು ಕಣಮ್ಮ. ಸಂಜೆ ಮನೆಗೆ ಯಾವಾಗ ಬರ್ತೀರಿ ಅಂದ್ರೆ ಮಾತ್ರ, ಇಷ್ಟೊತ್ತಿಗೆ ಬರಬಹುದು, ತಪ್ಪಿದ್ರೆ ಇಷ್ಟೊತ್ತು ಅಂತಾರೆ." ಸಾಹೇಬರು ನಾಚಿಕೊಂಡು ಕಾಫಿ ತರಲು ಒಳಗೆ ಎದ್ದುಹೋದರು. ಅವರು ನಾಚಿಕೊಂಡದ್ದನ್ನು ನಾನು ಕಂಡದ್ದು ಆ ಮನೆಯಲ್ಲಿ ಮಾತ್ರ.

ಆ ದಿನ ಯುಗಾದಿ ಹತ್ತಿರವಿತ್ತು, ಬಿಸಿಲು ಕಾದ ಕಾವಲಿ. ಬೆಳಿಗ್ಗೆಯೇ ಪಕ್ಕದ ವಲಯದವರ ಫೋನು ಬಂತು. ಅವರ ಕಡೆ ದೊಡ್ಡ ಟ್ರಾನ್ಸ್‌ಫಾರ್ಮರು ಕೈಕೊಟ್ಟಿತ್ತು. ಊರಿಗೆ ಕುಡಿಯುವ ನೀರಿಲ್ಲ, ಆಸ್ಪತ್ರೆ ಜನರೇಟರಿನ ಮೇಲೆ ನಿಂತಿದೆ. ಸಂಜೆಯವರೆಗೆ ಏನಾದರೂ ಕೊಡಿ ಎಂದರು. ಸಾಹೇಬರು ಗಾಳಿಯ ಲೆಕ್ಕ ನೋಡಿದರು. ಅವತ್ತು ಗಾಳಿ ಚೆನ್ನಾಗಿರಬೇಕಿತ್ತು. ಮಿಕ್ಕಿದ್ದನ್ನೂ ಕೊಟ್ಟರು, ಅನುಮಾನಕ್ಕೆಂದು ಕೈಯಲ್ಲಿ ಇಟ್ಟುಕೊಂಡಿದ್ದರಲ್ಲಿ ಅರ್ಧವನ್ನೂ ಕೊಟ್ಟರು. "ಸಂಜೆವರೆಗೆ ನಿಮ್ದು" ಎಂದು ಮಾತು ಕೊಟ್ಟರು.

ಮಧ್ಯಾಹ್ನ ಊಟ ಮುಗಿಸಿ ಕೈ ತೊಳೆಯುವಾಗ ಹೊರಗೆ ತೆಂಗಿನ ಗರಿಗಳು ಅಲ್ಲಾಡದೆ ನಿಂತಿದ್ದನ್ನು ನಾನು ನೋಡಿದೆ. ಒಳಗೆ ಬಂದರೆ ಪರದೆಯ ಮೇಲೆ ಗಾಳಿಯ ಗೆರೆ ನೆಲಕ್ಕೆ ಬಿದ್ದಿತ್ತು. ಗುಡ್ಡದವರು ಫೋನು ಮಾಡಿ, "ಸಾರ್, ಫ್ಯಾನೆಲ್ಲ ನಿಂತೋದ್ವು. ಎಲೆ ಅಲ್ಲಾಡ್ತಾ ಇಲ್ಲ" ಎಂದರು.

ಈಗ ಇದ್ದದ್ದು ಎರಡೇ ದಾರಿ. ಪಕ್ಕದವರಿಗೆ ಕೊಟ್ಟದ್ದನ್ನು ತುರ್ತು ಎಂದು ಹೇಳಿ ವಾಪಸ್ ಎಳೆದುಕೊಳ್ಳುವುದು. ಇಲ್ಲವೇ ನಮ್ಮ ಊರುಗಳಿಗೆ ಸರದಿಯ ಮೇಲೆ ಸ್ವಲ್ಪ ಸ್ವಲ್ಪ ಹೊತ್ತು ಕರೆಂಟು ತೆಗೆಯುವುದು. ವಾಪಸ್ ಎಳೆದುಕೊಳ್ಳಲು ನಿಯಮದಲ್ಲಿ ಅವಕಾಶವಿತ್ತು. ಬೇರೆ ಯಾವ ವಲಯದವರಾದರೂ ಅದನ್ನೇ ಮಾಡುತ್ತಿದ್ದರು. ನಾನು ಅದನ್ನೇ ಹೇಳಿದೆ. ಸಾಹೇಬರು ತಲೆ ಅಲ್ಲಾಡಿಸಿದರು. "ಅವರ ಆಸ್ಪತ್ರೆ ಈಗ ತಾನೆ ಜನರೇಟರ್ ಆರಿಸಿರತ್ತೆ ಕಣಮ್ಮ. ಸರದಿ ಯಾರದು ನೋಡು."

ನೋಡಿದೆ. "ಗಂಡಸಿ ಲೈನ್ ತೆಗೆಸಲಾ ಸರ್?" ಎಂದೆ.

"ಗಂಡಸಿಯವರಿಗೆ ಮೊನ್ನೆ ತೆಗ್ದಿದೀವಿ. ಸರದಿ ಯಾರದು ಅಂದೆ."

"ಹಳೇಬೀಡಿಂದು ಸರ್."

ಅವರು ನನ್ನನ್ನು ನೋಡಲಿಲ್ಲ. ಮೊದಲು ಮನೆಗೆ ಫೋನು ಮಾಡಿದರು. ಅಮ್ಮಾವ್ರ ತಂಗಿ ಎತ್ತಿಕೊಂಡರು. ಸಿಲಿಂಡರಿಗೆ ಬದಲಾಯಿಸು, ಕೊಳವೆ ಸರಿಯಾಗಿ ಕೂತಿದೆಯಾ ನೋಡು, ಕಿಟಕಿ ತೆಗೆದಿಡು, ಬೀಸಣಿಗೆಯಲ್ಲಿ ಗಾಳಿ ಹಾಕು ಎಂದು ಒಂದೊಂದಾಗಿ ಹೇಳಿದರು. ಬದಲಾಯಿಸಿ ಆಯಿತು ಎನ್ನುವವರೆಗೂ ಕಾದರು. ಆಮೇಲೆ ಅಮ್ಮಾವ್ರೇ ಫೋನು ತೆಗೆದುಕೊಂಡರು. ಹಳೇ ಫೋನು, ಈಚೆಗೂ ದನಿ ಕೇಳುತ್ತಿತ್ತು. "ನಂಗೇನಾಗಿಲ್ಲ. ನೀವು ಕೆಲ್ಸ ನೋಡ್ಕಳಿ."

ಸಾಹೇಬರು ಫೋನಿಟ್ಟು ನನಗೆ, "ತೆಗೆಸು" ಎಂದರು. ನಾನು ಹೇಳಿ ತೆಗೆಸಿದೆ.

ಹೇಳಿದ ಹೊತ್ತಿಗೆ ಸರಿಯಾಗಿ ಕರೆಂಟು ವಾಪಸ್ ಕೊಟ್ಟೆವು. ಮಿಷನ್ನು ಮತ್ತೆ ಶುರುವಾಯಿತು, ಕೊಳವೆ ಅದಕ್ಕೆ ಹಾಕಿದರು, ಅಮ್ಮಾವ್ರು ಒಂದು ಲೋಟ ಮಜ್ಜಿಗೆಯನ್ನೂ ಕುಡಿದರು. ದೀಪ ಹಚ್ಚುವ ಹೊತ್ತಿಗೆ ಹೋಗಿಬಿಟ್ಟರು. ಸಾಹೇಬರ ಬಸ್ಸು ಆಗ ಇನ್ನೂ ದಾರಿಯಲ್ಲಿತ್ತು.

ಏನಾಯಿತು ಎಂದು ಯಾರಿಗೂ ಗೊತ್ತಿಲ್ಲ. ಇದೇ ಇಡೀ ಕತೆಯ ಮುಳ್ಳು. ಸಿಲಿಂಡರಿನಲ್ಲಿ ಆಕ್ಸಿಜನ್ ಇತ್ತು, ಕೊಳವೆ ಸರಿಯಾಗಿತ್ತು. ಆ ಸೆಖೆಯಲ್ಲಿ ಫ್ಯಾನಿಲ್ಲದೆ ದಣಿದರೋ, ಬದಲಾಯಿಸುವಾಗ ಏನಾದರೂ ಏರುಪೇರಾಯಿತೋ, ಇಲ್ಲ ಬಹಳ ದಿನದಿಂದ ಸೋಲುತ್ತಿದ್ದ ಜೀವ ಅವತ್ತೇ ಸೋತಿತೋ. ಬೇಲೂರಿನಿಂದ ಬಂದ ಡಾಕ್ಟರು, "ಕರೆಂಟ್ ಇದ್ದಿದ್ರೂ ಇವತ್ತಲ್ಲ ನಾಳೆ ಹೀಗೇ ಆಗ್ತಿತ್ತು ಬಿಡಿ" ಎಂದರು. ಕಚೇರಿಯವರೆಲ್ಲ ಹಣೆಬರಹ ಎಂದೆವು. ಸಾಹೇಬರು ಎಲ್ಲರಿಗೂ ಹೂಂ ಎಂದರು.

ಕರ್ಮಾಂತರ ಮುಗಿಸಿ, ಮೀಸೆ ತೆಗೆಸಿಕೊಂಡ ಮುಖದಲ್ಲಿ ಕೆಲಸಕ್ಕೆ ಬಂದರು. ಮುಖ ಯಾರದೋ ಆಗಿತ್ತು. ಪಕ್ಕದ ವಲಯದವರಿಗೆ ನಾನು ವಿಷಯ ತಿಳಿಸಲು ಹೊರಟಾಗ ಕೈ ಹಿಡಿದು ತಡೆದರು. "ಬೇಡ. ಆಳು ಕಳಿಸಿದ ಮೇಲೆ ನಮ್ಮನೆ ಕಷ್ಟ ಅವರಿಗೆ ಹೇಳಬಾರದು. ಕೊಟ್ಟಿದ್ದೇ ಕೆಟ್ಟೋಗತ್ತೆ." ಆ ವಲಯದವರಿಗೆ ಇವತ್ತಿಗೂ ಗೊತ್ತಿಲ್ಲ.

ಆಮೇಲಿನ ದಿನಗಳಲ್ಲಿ ಒಂದು ಅಭ್ಯಾಸ ಶುರುವಾಯಿತು. ಹಳೇಬೀಡಿನ ಸರದಿ ಬಂದಾಗಲೆಲ್ಲ, ಲೈನು ತೆಗೆಯುವ ಮುಂಚೆ, ಮನೆಗೆ ಫೋನು ಮಾಡುತ್ತಿದ್ದರು. ಮನೆಯಲ್ಲಿ ಯಾರೂ ಇಲ್ಲ. ಬೀಗ ಹಾಕಿಕೊಂಡು ಬಂದವರು ಅವರೇ. ಅತ್ತ ಗಂಟೆ ಹೊಡೆದುಕೊಳ್ಳುತ್ತಿತ್ತು, ಇತ್ತ ಅವರು ರಿಸೀವರನ್ನು ಹೆಗಲಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ, ಗಂಟೆ ತಾನಾಗಿ ನಿಲ್ಲುವವರೆಗೂ ಕೇಳುತ್ತಿದ್ದರು. ನಿಂತ ಮೇಲೆ "ತೆಗೆಸು" ಎನ್ನುತ್ತಿದ್ದರು. ಆ ಗಂಟೆ ನನ್ನ ಮೇಜಿನವರೆಗೂ ಕೇಳುತ್ತಿತ್ತು. ಒಂದು ದಿನ ಯಾರಾದರೂ ಎತ್ತಿಕೊಂಡುಬಿಟ್ಟರೆ ಎಂದು ನನಗೆ ಹೆದರಿಕೆಯಾಗುತ್ತಿತ್ತು. ಹಾಡಹಗಲು, ಸುತ್ತ ಜನ ಓಡಾಡುತ್ತಿದ್ದಾರೆ, ಕ್ಯಾಂಟೀನಿನಿಂದ ವಗ್ಗರಣೆ ವಾಸನೆ ಬರುತ್ತಿದೆ. ನನಗೆ ಮಾತ್ರ ಬೆನ್ನು ತಣ್ಣಗಾಗುತ್ತಿತ್ತು.

ಇನ್ನೊಂದು ಬದಲಾವಣೆ ಮೆಲ್ಲಗೆ ಬಂತು. ಎರಡನೆಯ ಅಂಕಿ ಬೆಳೆಯತೊಡಗಿತು. ಮೊದಮೊದಲು ಸ್ವಲ್ಪ, ಆಮೇಲೆ ಇನ್ನಷ್ಟು. "ಇರಲಿ, ಕೈಯಲ್ಲಿ ಇರಲಿ" ಎನ್ನುತ್ತಿದ್ದರು. ಪಕ್ಕದವರು ಕೇಳಿದರೆ, "ಆಗಲ್ಲ ಕಣ್ರೀ, ಗಾಳಿ ನಂಬಕ್ಕಾಗಲ್ಲ." ಮೇಲಿನವರಿಗೆ ಸಂತೋಷವೋ ಸಂತೋಷ. ಈಗ ಬುದ್ಧಿ ಬಂತು ಎಂದುಕೊಂಡರು. ಇಷ್ಟು ವರ್ಷ ಅವರ ಧಾರಾಳದ ಮೇಲೆ ಗೊಣಗುತ್ತಿದ್ದ ನನಗೇ ಅದನ್ನು ನೋಡಲಾಗುತ್ತಿರಲಿಲ್ಲ.

ಆಷಾಢ ಬಂತು. ನಮ್ಮ ಕಡೆಯ ಆಷಾಢದ ಗಾಳಿ ಗೊತ್ತಲ್ಲ, ಒಗೆದು ಹಾಕಿದ ಬಟ್ಟೆ ಪಕ್ಕದೂರಿನಲ್ಲಿ ಹುಡುಕಬೇಕು. ಗುಡ್ಡದ ಮೇಲೆ ಗಾಳಿಯಂತ್ರಗಳು ಬಿಡುವಿಲ್ಲದೆ ತಿರುಗುತ್ತಿದ್ದವು. ಜಿಟಿಜಿಟಿ ಮಳೆಗೆ ಬೋರುಗಳು ನಿಂತಿದ್ದವು. ಕರೆಂಟು ಇಡಲು ಜಾಗವಿಲ್ಲದಷ್ಟು ಮಿಕ್ಕಿತ್ತು. ಆದರೂ ಅವರು ಅನುಮಾನದ ಅಂಕಿಯನ್ನು ಯಾವತ್ತೂ ಇಲ್ಲದಷ್ಟು ದೊಡ್ಡದು ಬರೆದರು. ಬಿಟ್ಟುಕೊಡಲು ಏನೂ ಇಲ್ಲ ಎಂದು ತಿಳಿಸಿದರು. ಮಿಕ್ಕಿದ ಕರೆಂಟನ್ನು ಬಳಸುವವರೇ ಇಲ್ಲದೆ, ಮಾರನೆಯ ದಿನ ಗುಡ್ಡದವರಿಗೆ ಯಂತ್ರ ನಿಲ್ಲಿಸಿ ಎನ್ನಬೇಕಾಯಿತು.

"ನಿಲ್ಲಿಸ್ಬೇಕಾ ಸಾರ್? ಇಂಥಾ ಗಾಳೀಲಾ?" ಎಂದು ಅತ್ತಲಿಂದ ಕೇಳಿದ ದನಿಯಲ್ಲಿ ಬೆರಗಿತ್ತು.

ಅದೇ ಹೊತ್ತಿಗೆ ಪಕ್ಕದ ವಲಯದ ಅಧಿಕಾರಿಯ ಫೋನು. ಯುಗಾದಿಯ ಹೊತ್ತಿನಲ್ಲಿ ಕೇಳಿದ್ದವರೇ. ಅವರ ಕಡೆ ಒಂದು ದೊಡ್ಡ ಘಟಕ ನಿಂತುಹೋಗಿ ಎರಡು ತಾಲ್ಲೂಕು ಕತ್ತಲಲ್ಲಿದ್ದವು. "ಸಾಹೇಬ್ರೇ, ಒಂದಷ್ಟು ಬಿಡಿ. ಅವತ್ತು ನೀವು ಕೊಟ್ಟಿದ್ದನ್ನ ನಾವು ಮರ್ತಿಲ್ಲ."

ಸಾಹೇಬರು ಬರೆದಿಟ್ಟ ಅಂಕಿ ನೋಡಿದರು. "ಆಗಲ್ಲ ಕಣ್ರೀ. ನಮ್ಮಲ್ಲೇ ಅನುಮಾನ ಐತೆ" ಎಂದು ಫೋನಿಟ್ಟರು.

ನನಗೆ ತಡೆಯಲಾಗಲಿಲ್ಲ. ಎದ್ದು ಅವರ ಮೇಜಿನ ಮುಂದೆ ಹೋಗಿ ನಿಂತೆ. ಬೆಕ್ಕಿಗೆ ಗಂಟೆ ಕಟ್ಟಲು ಇಡೀ ಕಚೇರಿಯಲ್ಲಿ ನನ್ನಷ್ಟು ಬಾಯಿಬಡುಕಿ ಇನ್ನೊಬ್ಬರಿರಲಿಲ್ಲ. "ಸರ್, ಈ ಅಂಕಿ ಗಾಳೀದಲ್ಲ" ಎಂದೆ.

ಅವರು ತಲೆಯೆತ್ತಿದರು. ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಒಳ್ಳೆಯದಿತ್ತು. ಬರೆದ ಹಾಳೆಯನ್ನು ನನ್ನ ಕಡೆ ತಿರುಗಿಸಿ, ತುಂಬಾ ಸಣ್ಣ ದನಿಯಲ್ಲಿ ಕೇಳಿದರು. "ಇದ್ರಲ್ಲಿ ಗಾಳೀದು ಎಷ್ಟು, ನಂದು ಎಷ್ಟು?"

ನಾನು ಬೆಳಿಗ್ಗೆಯೇ ಲೆಕ್ಕ ಹಾಕಿಟ್ಟಿದ್ದೆ. "ಗಾಳೀದು ಇದರಲ್ಲಿ ಕಾಲು ಭಾಗವೂ ಇಲ್ಲ ಸರ್. ಉಳಿದದ್ದು ನಿಮ್ಮದು."

"ಅಷ್ಟೊಂದಾ?"

"ಅಷ್ಟೊಂದು ಸರ್."

ಅವರು ಆ ಅಂಕಿಯನ್ನು ನೋಡುತ್ತಾ ಕೂತರು. ಹೊರಗೆ ಗಾಳಿ ತಗಡಿನ ಷೆಡ್ಡನ್ನು ಹಿಡಿದು ಅಲ್ಲಾಡಿಸುತ್ತಿತ್ತು. ಆಮೇಲೆ ಪೆನ್ನು ತೆಗೆದುಕೊಂಡು ಅಂಕಿಯನ್ನು ಹೊಡೆದುಹಾಕಿ, ಪಕ್ಕದಲ್ಲಿ ಗಾಳಿಯದಷ್ಟನ್ನೇ ಬರೆದರು. ಪಕ್ಕದ ವಲಯಕ್ಕೆ ತಾವೇ ಫೋನು ಮಾಡಿ, "ಕೊಡ್ತೀವಿ, ತಗೊಳ್ರಿ. ನಂದೇ ಲೆಕ್ಕ ತಪ್ಪಿತ್ತು" ಎಂದರು. ಗುಡ್ಡದವರಿಗೆ ಯಂತ್ರ ಬಿಡಲು ಹೇಳಿದರು. ಎಲ್ಲ ಮುಗಿಸಿ ಬಚ್ಚಲಿಗೆ ಹೋದವರು ಬಹಳ ಹೊತ್ತು ಬರಲಿಲ್ಲ. ನಲ್ಲಿ ಸುಮ್ಮನೆ ಸುರಿಯುತ್ತಿದ್ದ ಸದ್ದು ಕೇಳುತ್ತಿತ್ತು.

ಮಾರನೆಯ ದಿನದಿಂದ ಮೊದಲನೆಯ ಅಂಕಿ ಅವರು ಬರೆಯುತ್ತಿದ್ದರು, ಎರಡನೆಯದನ್ನು ನನ್ನಿಂದ ಬರೆಸುತ್ತಿದ್ದರು. ನಿವೃತ್ತಿಯವರೆಗೂ ಹಾಗೇ ನಡೆಯಿತು. ಮುಯ್ಯಾಳು ಮತ್ತೆ ಮೊದಲಿನಂತೆ ಹೋಗಿಬರತೊಡಗಿತು. ಒಂದೆರಡು ಸಲ ಅದರಿಂದ ನಮ್ಮೂರುಗಳೂ ಕತ್ತಲಲ್ಲಿ ಕೂತವು. ಹಳೇಬೀಡಿನ ಸರದಿ ಬಂದಾಗ ಮನೆಗೆ ಫೋನು ಮಾಡುವುದನ್ನು ಮಾತ್ರ ಬಿಡಲಿಲ್ಲ. ಅದನ್ನು ಬಿಡಿ ಎಂದು ಹೇಳುವ ಬಾಯಿ ನನಗೂ ಇರಲಿಲ್ಲ.

ನಿವೃತ್ತರಾದ ಮೇಲೆ ಅವರು ಕರೆಂಟಿನ ಮಾತನ್ನೇ ಆಡುತ್ತಿರಲಿಲ್ಲವಂತೆ. ಕಾಯಿಲೆ ಎಂದು ಕೇಳಿ ನಾನು ನೋಡಲು ಹೋದಾಗ ಮನೆಯಲ್ಲಿರಲಿಲ್ಲ. ಕೆರೆಯ ಕಡೆ ಹೋಗಿದ್ದಾರೆ ಎಂದು ಅಮ್ಮಾವ್ರ ತಂಗಿ ಹೇಳಿದರು. ಈಗ ಅವರ ಅಡುಗೆ ನೋಡಿಕೊಳ್ಳುತ್ತಿದ್ದವರು ಈಕೆಯೇ. ಹೋದೆ. ಬಸ್ಸಿಳಿದ ಪ್ರವಾಸಿಗಳೆಲ್ಲ ದೇವಸ್ಥಾನದ ಕಡೆ ನಡೆಯುತ್ತಿದ್ದರು, ಇವರು ಅದಕ್ಕೆ ಬೆನ್ನು ಹಾಕಿ ಕೆರೆ ಏರಿಯ ಮೇಲೆ ಕೂತಿದ್ದರು. ತುಂಬಾ ಇಳಿದುಹೋಗಿದ್ದರು. ನೋಡಿ ನನಗೆ ಅಳು ಬಂತು, ಕೆಮ್ಮಿ ನುಂಗಿಕೊಂಡೆ.

ಕಚೇರಿಯ ಸುದ್ದಿ ಹೇಳಿದೆ. ಈಗ ಅವರ ಕುರ್ಚಿಯಲ್ಲಿ ನಾನೇ ಕೂರುವುದು ಎಂದೆ. ಸಂತೋಷಪಟ್ಟರು. ನೀರಿನ ಮೇಲೆ ಸಣ್ಣ ಗಾಳಿ ಓಡಾಡುತ್ತಿತ್ತು. ಅದನ್ನೇ ನೋಡುತ್ತಾ ಕೇಳಿದರು. "ಒಂದು ಲೆಕ್ಕ ಕೇಳ್ತೀನಿ, ಹೇಳ್ತೀಯಾ?"

"ಕೇಳಿ ಸರ್."

"ಅವತ್ತು ನಾನು ಆ ಕರೆಂಟನ್ನ ವಾಪಸ್ ಎಳ್ಕೊಂಡಿದ್ರೆ ಅವಳು ಉಳೀತಿದ್ಲಾ?"

ಎಷ್ಟು ವರ್ಷದಿಂದ ಈ ಪ್ರಶ್ನೆ ನನ್ನ ಎದೆಯಲ್ಲೂ ಕೂತಿತ್ತು. ಇಲ್ಲ ಸರ್ ಎನ್ನುವುದು ಸುಲಭವಿತ್ತು. ಕಾಯಿಲೆಯ ಮನುಷ್ಯ, ಸಾವಿಗೆ ಹತ್ತಿರವಾದವರು, ಅಷ್ಟೊಂದು ಪ್ರೀತಿಯಿಂದ ನನಗೆ ಕೆಲಸ ಕಲಿಸಿದವರು. ಒಂದು ಸುಳ್ಳು ಹೇಳಿದ್ದರೆ ಯಾವ ದೇವರೂ ಕೋಪಿಸಿಕೊಳ್ಳುತ್ತಿರಲಿಲ್ಲ. ಆದರೆ ಅವರು ನನ್ನ ಕಡೆ ತಿರುಗಿ ಕಾಯುತ್ತಿದ್ದ ರೀತಿ ನೋಡಿದರೆ ಸುಳ್ಳು ಬಾಯಿಗೇ ಬರಲಿಲ್ಲ.

"ಗೊತ್ತಿಲ್ಲ ಸರ್" ಎಂದೆ. "ಉಳೀತಿದ್ರೇನೋ. ಉಳೀದೆಯೂ ಇರಬಹುದಿತ್ತು. ನನಗೆ ಗೊತ್ತಿಲ್ಲ."

ಅವರು ಉಸಿರು ಬಿಟ್ಟರು. "ಡಾಕ್ಟ್ರು ಇಲ್ಲ ಅಂದ್ರು. ನೆಂಟ್ರು ಇಲ್ಲ ಅಂದ್ರು. ಆಫೀಸಲ್ಲಿ ನೀವೆಲ್ಲ ಇಲ್ಲ ಅಂದ್ರಿ. ಎಲ್ರೂ ಇಲ್ಲ ಅಂದಷ್ಟೂ ನಂಗೆ ಹೌದು ಅಂತಲೇ ಕೇಳಿಸೋದು ಕಣಮ್ಮ." ಹೆಗಲ ಮೇಲಿದ್ದ ಟವೆಲ್ಲಿನಲ್ಲಿ ಮುಖ ಒರೆಸಿಕೊಂಡರು. "ಗೊತ್ತಿಲ್ಲ ಅಂದೋಳು ನೀನೊಬ್ಳೇ."

ನಾನು ಸಮಾಧಾನದ ಮಾತು ಹುಡುಕುತ್ತಿದ್ದೆ. ಅವರು ಬೇಡ ಎನ್ನುವಂತೆ ಕೈ ಆಡಿಸಿ ಎದ್ದರು. ಮನೆಯವರೆಗೂ ಜೊತೆಯಲ್ಲಿ ನಡೆದೆವು. ನಾನು ಕೊನೆಯ ಬಸ್ಸು ತಪ್ಪುತ್ತದೆಂದು ಬಾಗಿಲಲ್ಲೇ ಹೊರಟೆ. "ಹುಷಾರು ಕಣಮ್ಮ" ಎಂದರು. ಅವರನ್ನು ನೋಡಿದ್ದು ಅದೇ ಕೊನೆ.

ಸತ್ತ ಸುದ್ದಿ ಬಂದಾಗ ನಾನು ನಾಳೆಯ ಅಂಕಿ ಬರೆಯುತ್ತಿದ್ದೆ. ಬರೆಯುವುದನ್ನು ನಿಲ್ಲಿಸುವಂತಿರಲಿಲ್ಲ, ಗಡುವು ಇತ್ತು. ಎರಡನೆಯ ಅಂಕಿಗೆ ಬಂದೆ. ಇದರಲ್ಲಿ ಗಾಳಿಯದೆಷ್ಟು, ನನ್ನದೆಷ್ಟು ಎಂದು ಕೇಳಿಕೊಂಡು, ಗಾಳಿಯದನ್ನು ಮಾತ್ರ ಬರೆದು, ಕುರ್ಚಿ ಬಿಟ್ಟೆದ್ದು ಹಳೇಬೀಡಿನ ಬಸ್ಸು ಹತ್ತಿದೆ. ಇವತ್ತಿಗೂ ಹಾಗೇ ಬರೆಯುತ್ತೇನೆ. ಎಷ್ಟೋ ದಿನ ಹೊಡೆದುಹಾಕಿ ಮತ್ತೆ ಬರೆಯಬೇಕಾಗುತ್ತದೆ. ಲೈನು ತೆಗೆಸು ಎಂದು ಹೇಳುವಾಗ, ಆ ಲೈನಿನ ಕೊನೆಯಲ್ಲಿ ಯಾರ ನಡುಮನೆಯಲ್ಲಿ ಯಾರು ಮಲಗಿದ್ದಾರೋ ಎಂದು ನೆನೆಯುತ್ತೇನೆ. ಹೇಳಿ ತೆಗೆಸುತ್ತೇನೆ.

ಮಣ್ಣು ಮಾಡಿ ಬಂದ ಮೇಲೆ ಅಮ್ಮಾವ್ರ ತಂಗಿ ಜಗಲಿಯ ಮೇಲೆ ನನ್ನ ಪಕ್ಕ ಕೂತರು. "ನೀನು ಬಂದೋದ ದಿನ ಏನ್ ಮಾತಾಡಿದ್ರಿ ಕಣವ್ವಾ ಇಬ್ರೂ?" ಎಂದು ಕೇಳಿದರು.

ಯಾಕೆ ಎಂದೆ.

"ಅವತ್ತು ರಾತ್ರಿ ಭಾವ ಉಣ್ಣಕ್ಕೆ ಕೂತು, ಇನ್ನೊಂದು ಮುದ್ದೆ ಹಾಕು ಅಂದ್ರು. ಅಕ್ಕ ಹೋದ್ಮೇಲೆ ಆ ಮನುಷ್ಯ ಎರಡನೇ ಸಲ ಬಡಿಸ್ಕೊಂಡಿದ್ದನ್ನ ನಾನು ನೋಡಿರ್ಲಿಲ್ಲ."

ನನ್ನ ಮಾತಿನಿಂದಲೇ ಇನ್ನೊಂದು ಮುದ್ದೆ ಕೇಳಿದರೋ, ಇಲ್ಲ ಕೆರೆ ಏರಿಯವರೆಗೆ ನಡೆದು ಬಂದದ್ದಕ್ಕೆ ಹಸಿವಾಗಿತ್ತೋ, ನನಗೆ ಗೊತ್ತಿಲ್ಲ.